ತಲೆಗೆ ಹಚ್ಚೋ ಮಿನಾಕ್ಸಿಡಿಲ್‌ನಿಂದ ಬಿಪಿ ಇಳಿಯುತ್ತಾ?

ಪ್ರಶ್ನೆ: ನೆತ್ತೀಲಿ ಕೂದ್ಲು ತೆಳ್ಳಗಾಗ್ತಿದೆ ಅಂತ ಡಾಕ್ಟ್ರು 5% ಮಿನಾಕ್ಸಿಡಿಲ್ ಬರ್ಕೊಟ್ಟಿದ್ದಾರೆ. ಅದು ಬಿಪಿ ಔಷಧಿ ಅಂತೆ, ಹೌದಾ ಸಾರ್? ನಂದು ಬಿಪಿ ನಾರ್ಮಲ್ಲೇ ಇದೆ, ಹಚ್ಕೊಂಡ್ರೆ ಲೋ ಆಗೋಗುತ್ತಾ?

ಉತ್ತರ: ನೀವು ಕೇಳಿರೋದು ನಿಜಾನೇ. ಮೊದ್ಲು ಇದು ಅಮೆರಿಕದ ಅಪ್‌ಜಾನ್ ಕಂಪನಿಯ ಬಿಪಿ ಮಾತ್ರೆ, 1979ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ತು, ಅದೂ ಬೇರೆ ಮಾತ್ರೆಗಳಿಗೆ ಬಗ್ಗದೇ ಇರೋ ಜೋರು ಬಿಪಿಗೆ. ರಕ್ತನಾಳ ಹಿಗ್ಗಿಸೋದು ಇದ್ರ ಕೆಲ್ಸ. ಆದ್ರೆ ನುಂಗಿದವ್ರಿಗೆ ಬಿಪಿ ಇಳಿಯೋದ್ರ ಜೊತೆಗೆ ಹಣೆ, ಕೆನ್ನೆ, ಕೈ ಮೇಲೆಲ್ಲ ಕೂದ್ಲು ಬೆಳ್ಯೋಕೆ ಶುರುವಾಯ್ತು, ಹೆಂಗಸ್ರಿಗಂತೂ ಫಜೀತಿ. ಕಂಪನಿಯವ್ರು ಬಿಡ್ತಾರಾ, ಆ ಸೈಡ್ ಎಫೆಕ್ಟನ್ನೇ ಬಾಟ್ಲಿಗೆ ತುಂಬಿ 1988ರಲ್ಲಿ ರೋಗೇನ್ ಅಂತ ಮಾರುಕಟ್ಟೆಗೆ ಬಿಟ್ರು.

ಈಗ ನಿಮ್ಮ ಭಯದ ಲೆಕ್ಕ ನೋಡೋಣ. 5% ಬಾಟ್ಲಿಯ 1 ಎಂಎಲ್‌ನಲ್ಲಿ 50 ಮಿಲಿಗ್ರಾಂ ಔಷಧಿ, ಎರಡು ಹೊತ್ತು ಹಚ್ಚಿದ್ರೆ 100. ಅದ್ರಲ್ಲಿ ಚರ್ಮ ದಾಟಿ ರಕ್ತಕ್ಕೆ ಸೇರೋದು ಸಾಮಾನ್ಯವಾಗಿ ಒಂದೂವರೆ ಮಿಲಿಗ್ರಾಂ ಆಸುಪಾಸು, ಬಿಪಿಗೆ ಕೊಡೋ ಡೋಸು ದಿನಕ್ಕೆ 10ರಿಂದ 40. ಹಂಗಾಗಿ ಆರೋಗ್ಯವಾಗಿರೋರಿಗೆ ಬಿಪಿ ಬೀಳೋದು ಅಪರೂಪ. ಹಾರ್ಟ್ ತೊಂದ್ರೆ ಇದ್ರೆ, ಬೇರೆ ಬಿಪಿ ಮಾತ್ರೆ ತಗೋತಿದ್ರೆ ಮಾತ್ರ ಮೊದ್ಲೇ ಡಾಕ್ಟ್ರಿಗೆ ಹೇಳ್ಬಿಡಿ. ನೆತ್ತೀಲಿ ಗಾಯ, ಕಜ್ಜಿ ಇದ್ರೆ ಜಾಸ್ತಿ ಒಳಗೆ ಹೋಗುತ್ತೆ, ಅದು ವಾಸಿಯಾಗೋವರೆಗೂ ಬೇಡ. ಎದೆ ಡವಡವ ಅಂದ್ರೆ, ತಲೆ ಸುತ್ತಿದ್ರೆ, ಪಾದ ಊದ್ಕೊಂಡ್ರೆ ನಿಲ್ಸಿ ತೋರಿಸ್ಕೊಳ್ಳಿ.

ಜನ ಬಿಪಿಗೆ ಹೆದ್ರಿ ಬಿಡೋದು ಕಮ್ಮಿ ಬಿಡಿ, ಕೂದ್ಲು ಉದುರೋದು ನೋಡಿ ಬಿಡೋರೇ ಜಾಸ್ತಿ. ಹಚ್ಚೋಕೆ ಶುರು ಮಾಡಿದ ಎರಡ್ಮೂರು ವಾರಕ್ಕೆ ಬಚ್ಚಲ ಜಾಲರಿ ತುಂಬಾ ಕೂದ್ಲು. ನಂಗೂ ಹಂಗೇ ಆಯ್ತು, ಇದ್ದಿದ್ದೂ ಹೋಯ್ತಲ್ಲಪ್ಪ ಅಂತ ಬಾಟ್ಲಿ ಎತ್ತಿ ಅಟ್ಟಕ್ಕೆ ಹಾಕಿದ್ದೆ, ಅದು ದಡ್ಡತನ. ಬೆಳೆಯೋದು ನಿಲ್ಸಿ ಸುಮ್ನೆ ಕೂತಿರೋ ಹಳೇ ಕೂದ್ಲನ್ನ ತಳ್ಳಿ ಹೊಸದು ಬರ್ತಿರುತ್ತೆ ಅಷ್ಟೆ. ಫಲ ಕಾಣೋಕೆ ನಾಲ್ಕು ತಿಂಗ್ಳಾದ್ರೂ ಬೇಕು, ಬಿಟ್ರೆ ಬಂದಿದ್ದೂ ಕೆಲವು ತಿಂಗ್ಳಲ್ಲೇ ವಾಪಸ್ ಹೋಗುತ್ತೆ.

ಈಗ ಚರ್ಮದ ಡಾಕ್ಟ್ರು ಇದನ್ನೇ ಸಣ್ಣ ಡೋಸಿನ ಮಾತ್ರೆಯಾಗೂ ಕೊಡ್ತಾರೆ, ಆದ್ರೆ ಫ್ರೆಂಡ್ ತಗೋತಾನೆ ಅಂತ ನೀವಾಗೇ ಮೆಡಿಕಲ್ಸ್‌ಗೆ ಹೋಗಿ ತಂದು ನುಂಗ್ಬೇಡಿ.

ಹಾ, ಮನೇಲಿ ಬೆಕ್ಕಿದ್ಯಾ? ಬೆಕ್ಕಿಗೆ ಇದು ಸ್ವಲ್ಪ ನೆಕ್ಕಿದ್ರೂ ವಿಷ, ಪ್ರಾಣಕ್ಕೇ ಬರಬಹುದು. ಹಚ್ಕೊಂಡ್ಮೇಲೆ ಕೈ ತೊಳ್ಕೊಳ್ಳಿ, ನಿಮ್ಮ ದಿಂಬಿನ ಮೇಲೆ ಅದನ್ನ ಮಲಗಿಸ್ಬೇಡಿ.