ಗೆದ್ದದ್ದು ಮ್ಯಾನಿಂಗಾ, ಡೆನ್ವರಾ?

2013ರ ಸೀಸನ್‌ನಲ್ಲಿ ಕ್ವಾರ್ಟರ್‌ಬ್ಯಾಕ್ (ತಂಡದ ಪರ ಚೆಂಡು ಎಸೆಯುವ ಆಟಗಾರ) ಪೇಟನ್ ಮ್ಯಾನಿಂಗ್ 55 ಟಚ್‌ಡೌನ್ ಪಾಸ್, ಅಂದರೆ ಎದುರಾಳಿಯ ಗೆರೆ ದಾಟಿಸಿ ಪಾಯಿಂಟ್ ತರುವ ಪಾಸ್, ಎಸೆದರು. ಪಾಸ್‌ಗಳಿಂದ ತಂಡ ಮುಂದೆ ಸಾಗಿದ್ದು ಒಟ್ಟು 5,477 ಯಾರ್ಡ್. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಅಲ್ಲಿಯವರೆಗೆ ಒಂದು ಸೀಸನ್‌ನಲ್ಲಿ ಯಾರೂ ಅಷ್ಟು ಮಾಡಿರಲಿಲ್ಲ. ಆದರೆ ಫೈನಲ್‌ನಲ್ಲಿ, ಅಂದರೆ ಸೂಪರ್ ಬೌಲ್‌ನಲ್ಲಿ, ಅವರ ಡೆನ್ವರ್ ಬ್ರಾಂಕೋಸ್ ತಂಡ ಸಿಯಾಟಲ್ ಎದುರು 43–8ರಿಂದ ಸೋತುಹೋಯಿತು.

2015ರ ಸೀಸನ್ ಬಂತು. ಮ್ಯಾನಿಂಗ್‌ಗೆ ಆಗ 39 ವರ್ಷ, ಪಾದದ ನೋವು ಬೇರೆ. 9 ಟಚ್‌ಡೌನ್ ಎಸೆದರು, 17 ಸಲ ಚೆಂಡನ್ನು ಎದುರಾಳಿಗಳ ಕೈಗೆ ಕೊಟ್ಟರು. ನಡುವೆ ಕೆಲವು ಪಂದ್ಯ ಆಡಲೇ ಇಲ್ಲ. ಫೈನಲ್‌ನಲ್ಲಿ ಬರೀ 141 ಯಾರ್ಡ್, ಟಚ್‌ಡೌನ್ ಪಾಸ್ ಒಂದೂ ಇಲ್ಲ. ಆದರೂ ಆ ವರ್ಷ ಡೆನ್ವರ್ ಚಾಂಪಿಯನ್! ಫೈನಲ್‌ನ ಶ್ರೇಷ್ಠ ಆಟಗಾರ ಅಂತ ಆಯ್ಕೆಯಾದದ್ದು ಎದುರಾಳಿಗಳನ್ನು ತಡೆಯುವ ಡಿಫೆನ್ಸ್‌ನ ವಾನ್ ಮಿಲ್ಲರ್.

ಮ್ಯಾನಿಂಗ್ ದೊಡ್ಡವರೋ, ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿ ದೊಡ್ಡವರೋ ಅನ್ನೋ ಜಗಳಕ್ಕೆ ಈ ಎರಡು ಸೀಸನ್‌ಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಬ್ರಾಡಿ ಏಳು ಸಲ ಚಾಂಪಿಯನ್, ಮ್ಯಾನಿಂಗ್ ಎರಡೇ ಸಲ. ಹಾಗಾದರೆ ಲೆಕ್ಕ ಮುಗೀತಲ್ವಾ ಅಂತ ಬ್ರಾಡಿ ಅಭಿಮಾನಿಗಳು ಕೇಳುತ್ತಾರೆ. ಮುಗಿದಿಲ್ಲ. ಕಪ್ ಎಣಿಸಿದರೆ 2015ರ ಮ್ಯಾನಿಂಗ್ 2013ರ ಮ್ಯಾನಿಂಗ್‌ಗಿಂತ ದೊಡ್ಡ ಆಟಗಾರ ಅಂತ ಒಪ್ಪಬೇಕಾಗುತ್ತದೆ. ಅದನ್ನು ಯಾರೂ ಒಪ್ಪುವುದಿಲ್ಲ.

ಕಾರಣ ಆಟದ ರಚನೆಯಲ್ಲೇ ಇದೆ. ತಂಡದ ಬಳಿ ಚೆಂಡು ಇದ್ದಾಗ ಮಾತ್ರ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲಿರುತ್ತಾರೆ. ಎದುರಾಳಿಗಳ ಸರದಿ ಬಂದರೆ ಬೆಂಚಿಗೆ ಬಂದು ಕೂರುತ್ತಾರೆ, ಡಿಫೆನ್ಸ್‌ನ ಬೇರೆ ಹನ್ನೊಂದು ಜನ ಒಳಗೆ ಹೋಗುತ್ತಾರೆ.

2015ರ ಫೆಬ್ರವರಿ 1, ಅರಿಜೋನಾದ ಗ್ಲೆಂಡೇಲ್. 2014ರ ಸೀಸನ್‌ನ ಫೈನಲ್. ಬ್ರಾಡಿಯ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಕೊನೇ ಕ್ವಾರ್ಟರ್‌ನಲ್ಲಿ ಹತ್ತು ಪಾಯಿಂಟ್ ಹಿಂದಿತ್ತು. ಬ್ರಾಡಿ ಎರಡು ಟಚ್‌ಡೌನ್ ಎಸೆದು 28–24ರ ಮುನ್ನಡೆ ಕೊಟ್ಟರು. ಆದರೆ ಸಿಯಾಟಲ್ ತಿರುಗಿ ಬಂತು. ಗೆರೆ ದಾಟಲು ಒಂದೇ ಒಂದು ಯಾರ್ಡ್ ಬಾಕಿ, ಅರ್ಧ ನಿಮಿಷಕ್ಕಿಂತ ಕಡಿಮೆ ಸಮಯ. ಸಿಯಾಟಲ್‌ನ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಚೆಂಡು ಎಸೆದರು. ಪೇಟ್ರಿಯಟ್ಸ್ ಡಿಫೆನ್ಸ್‌ನ ಮಾಲ್ಕಮ್ ಬಟ್ಲರ್ ಅನ್ನೋ ಹುಡುಗ, ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಕೊಳ್ಳದವನು, ಮುಂದೆ ನುಗ್ಗಿ ಅದನ್ನು ಕಿತ್ತುಕೊಂಡ. ಆಗ ಬ್ರಾಡಿ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಬಟ್ಲರ್ ಕೈ ತಪ್ಪಿದ್ದರೆ ಬ್ರಾಡಿ ಆಟ ಒಂದಿಷ್ಟೂ ಕೆಡುತ್ತಿರಲಿಲ್ಲ, ಆದರೆ ಅವರ ಲೆಕ್ಕದಲ್ಲಿ ಬಹುಶಃ ಒಂದು ಕಪ್ ಕಡಿಮೆ ಇರುತ್ತಿತ್ತು. 2018ರ ಫೆಬ್ರವರಿಯ ಫೈನಲ್‌ನಲ್ಲಿ ಇದೇ ಬ್ರಾಡಿ 505 ಯಾರ್ಡ್ ಎಸೆದೂ ಫಿಲಡೆಲ್ಫಿಯಾಗೆ ಸೋತರು.

ಇದರ ಮೇಲೆ ನಾಕೌಟ್ ಬೇರೆ. ಕಪ್ ಬೇಕಿದ್ದರೆ ಕೊನೆಗೆ ಮೂರೋ ನಾಲ್ಕೋ ಪಂದ್ಯ ಸತತವಾಗಿ ಗೆಲ್ಲಬೇಕು, ಒಂದು ಸೋತರೂ ಹೊರಗೆ. ಒಂದು ತಂಡ ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ 65 ಅಂತಿಟ್ಟುಕೊಳ್ಳಿ. ಅದು ಬಹಳ ಒಳ್ಳೆ ತಂಡ. ಆದರೂ ಸತತ ಮೂರು ಪಂದ್ಯ ಗೆಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 27 ಮಾತ್ರ.

ಹಾಗಾದರೆ ಸುಮ್ನೆ ಅಂಕಿ ನೋಡಿದರೆ ಸಾಕಾ? 1973ರಿಂದ ಬಳಕೆಯಲ್ಲಿರುವ ಪಾಸರ್ ರೇಟಿಂಗ್ ಇದೆ. ಗುರಿ ಮುಟ್ಟಿದ ಪಾಸ್, ಯಾರ್ಡ್, ಟಚ್‌ಡೌನ್, ಇಂಟರ್‌ಸೆಪ್ಷನ್ (ಎದುರಾಳಿ ಕಿತ್ತುಕೊಂಡ ಪಾಸ್) ಈ ನಾಲ್ಕನ್ನು ಸೇರಿಸಿ ಲೆಕ್ಕ ಹಾಕುತ್ತಾರೆ, ಗರಿಷ್ಠ 158.3. ಆದರೆ ಎರಡು ಯಾರ್ಡ್ ದೂರಕ್ಕೆ ಎಸೆದ ಚೆಂಡನ್ನು ಹಿಡಿದವನು ಅರವತ್ತು ಯಾರ್ಡ್ ಓಡಿದರೂ, ಎಸೆದವನ ಖಾತೆಗೆ ಅರವತ್ತೆರಡೂ ಸೇರುತ್ತದೆ. ಸಂದರ್ಭವೂ ಇದಕ್ಕೆ ಗೊತ್ತಾಗುವುದಿಲ್ಲ. ಹತ್ತು ಯಾರ್ಡ್ ಮುಂದೆ ಸಾಗಲು ತಂಡಕ್ಕೆ ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತಾರೆ. ಮೂರನೇ ಡೌನ್‌ನಲ್ಲಿ ಮೂರು ಯಾರ್ಡ್ ಬೇಕಿದ್ದಾಗ ಎಂಟು ಬಂದರೆ ಚೆಂಡು ತಂಡದ ಬಳಿಯೇ ಉಳಿಯುತ್ತದೆ. ಹತ್ತು ಬೇಕಿದ್ದಾಗ ಅದೇ ಎಂಟು ಬಂದರೆ ಸಾಮಾನ್ಯವಾಗಿ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಬೇಕಾಗುತ್ತದೆ. ಅದಕ್ಕೇ ಈಗಿನ ವಿಶ್ಲೇಷಕರು ಪ್ರತಿ ಡೌನ್‌ಗೂ ಮುಂಚೆ ತಂಡ ಎಷ್ಟು ಪಾಯಿಂಟ್ ನಿರೀಕ್ಷಿಸಬಹುದಿತ್ತು, ಆಮೇಲೆ ಎಷ್ಟು ಅಂತ ನೋಡಿ ವ್ಯತ್ಯಾಸ ಎಣಿಸುತ್ತಾರೆ. ಇದು ಎಷ್ಟೋ ವಾಸಿ. ಆದರೂ ಎಸೆದವನ ಪಾಲೆಷ್ಟು, ಹಿಡಿದವನ ಪಾಲೆಷ್ಟು ಅನ್ನೋದು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ: ಆಟಗಾರ ಇಲ್ಲದಾಗ ತಂಡಕ್ಕೆ ಏನಾಯಿತು ಅಂತ ನೋಡೋದು. 2008ರ ಮೊದಲ ಪಂದ್ಯದಲ್ಲೇ ಬ್ರಾಡಿಯ ಮೊಣಕಾಲಿಗೆ ಪೆಟ್ಟು ಬಿತ್ತು. ಮ್ಯಾಟ್ ಕ್ಯಾಸೆಲ್ ಬಂದರು, ಪೇಟ್ರಿಯಟ್ಸ್ ಆ ಸೀಸನ್‌ನಲ್ಲಿ 11 ಗೆದ್ದು 5 ಸೋತಿತು. 2011ರಲ್ಲಿ ಕುತ್ತಿಗೆ ಶಸ್ತ್ರಚಿಕಿತ್ಸೆಯಿಂದ ಮ್ಯಾನಿಂಗ್ ಇಡೀ ಸೀಸನ್ ಹೊರಗಿದ್ದರು. ಹಿಂದಿನ ವರ್ಷ 10 ಗೆದ್ದಿದ್ದ ಅವರ ಆಗಿನ ತಂಡ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಬರೀ 2 ಗೆದ್ದು 14 ಸೋತಿತು. ಇಷ್ಟೇ ನೋಡಿದರೆ ತಂಡವನ್ನು ಹೊತ್ತು ನಡೆಸಿದವರು ಮ್ಯಾನಿಂಗ್, ಒಳ್ಳೆ ತಂಡ ಸಿಕ್ಕವರು ಬ್ರಾಡಿ ಅನ್ನಿಸುತ್ತದೆ. ಬಹಳ ಜನ ಹಾಗೇ ಹೇಳಿದರು ಕೂಡ.

ಆಮೇಲೆ 2020 ಬಂತು. ಬ್ರಾಡಿ ಪೇಟ್ರಿಯಟ್ಸ್ ಬಿಟ್ಟು ಟ್ಯಾಂಪಾ ಬೇ ತಂಡಕ್ಕೆ ಹೋದರು. ಹಿಂದಿನ ವರ್ಷ 7 ಗೆದ್ದು 9 ಸೋತಿದ್ದ ಟ್ಯಾಂಪಾ ಚಾಂಪಿಯನ್ ಆಯಿತು. 12 ಗೆದ್ದಿದ್ದ ಪೇಟ್ರಿಯಟ್ಸ್ 7ಕ್ಕೆ ಇಳಿಯಿತು. ಅದೇ ಪರೀಕ್ಷೆ, ಉತ್ತರ ಉಲ್ಟಾ. ಒಂದೊಂದೇ ಸೀಸನ್ ಹಿಡಿದು ತೀರ್ಪು ಕೊಟ್ಟರೆ ಹೀಗೇ ಆಗುತ್ತದೆ. ಕೋಚ್, ಗಾಯ, ವೇಳಾಪಟ್ಟಿ, ಹೊಸ ಆಟಗಾರರು ಎಲ್ಲವೂ ಒಟ್ಟಿಗೆ ಬದಲಾಗಿರುತ್ತವೆ.

ಒಂದೇ ಸೀಸನ್‌ಗೆ ಒಬ್ಬರನ್ನು ಆರಿಸು ಅಂದರೆ ನಾನು 2013ರ ಮ್ಯಾನಿಂಗ್ ಅವರನ್ನೇ ಆರಿಸುತ್ತೇನೆ. ಇಡೀ ವೃತ್ತಿಜೀವನ ನೋಡು ಅಂದರೆ ಬ್ರಾಡಿ. ಅದು ಏಳು ಕಪ್‌ಗಾಗಿ ಅಲ್ಲ. 2021ರಲ್ಲಿ, 44ನೇ ವಯಸ್ಸಿನಲ್ಲಿ, ಅವರು 5,316 ಯಾರ್ಡ್ ಎಸೆದು ಇಡೀ ಲೀಗ್‌ಗೇ ಮೊದಲಿಗರಾದರು. ಆ ಸಲ ಟ್ಯಾಂಪಾ ಕಪ್ ಗೆಲ್ಲಲಿಲ್ಲ, ಹಾಗಾಗಿ ಕಪ್ ಎಣಿಸುವವರ ಪಟ್ಟಿಯಲ್ಲಿ ಆ ವರ್ಷ ಸೊನ್ನೆ.