ಎಳೆದರೆ ರೋಧ ಬದಲಿಸುವ ರಬ್ಬರ್ ಕೊಡಗಿನ ಗುಡ್ಡಗಳನ್ನು ಕಾಯಬಲ್ಲದೇ?

ಸಂಪಾಜೆಯ ತೋಟಗಳಲ್ಲಿ ಮರದಿಂದ ಇಳಿಯುವ ರಬ್ಬರ್ ಹಾಲು ಹಾಳೆಯಾಗಿ ಒಣಗಿದ ಮೇಲೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದಕ್ಕೆ ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯನ್ನು ಸಾಕಷ್ಟು ಬೆರೆಸಿದರೆ ವಿದ್ಯುತ್ ಹರಿಯುತ್ತದೆ. ಎಳೆದಾಗ, ಒತ್ತಿದಾಗ ಅದರ ರೋಧವೂ, ಅಂದರೆ ವಿದ್ಯುತ್ ಹರಿವಿಗೆ ಅದು ಒಡ್ಡುವ ಅಡ್ಡಿಯೂ, ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡಗಳು ಕುಸಿದುದನ್ನು ಕಂಡವರಿಗೆ, ಇಂಥ ಅಗ್ಗದ ಪಟ್ಟಿಗಳನ್ನು ಇಳಿಜಾರಿನಲ್ಲಿ ಹೂತರೆ ಮುನ್ಸೂಚನೆ ಸಿಗದೇ ಎಂದು ಕೇಳಬೇಕೆನಿಸುವುದು ಸಹಜ. ಈ ವಸ್ತುವಿನ ಚರಿತ್ರೆಯಲ್ಲೇ ಉತ್ತರವಿದೆ.

ಎಳೆದ ಲೋಹದ ತಂತಿಯ ರೋಧ ಬದಲಾಗುವುದನ್ನು ಲಾರ್ಡ್ ಕೆಲ್ವಿನ್ 1856ರಲ್ಲಿ ತೋರಿಸಿದ್ದರು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್, ಪ್ರತ್ಯೇಕವಾಗಿ ದುಡಿದು, ಅದರಿಂದ ವಸ್ತುಗಳ ಹಿಗ್ಗನ್ನು ಅಳೆಯುವ, ಅಂಟಿಸಬಲ್ಲ ಮಾಪಕ ಮಾಡಿದರು. ಆದರೆ ಲೋಹ ಹೆಚ್ಚು ಹಿಗ್ಗದು; ಅದರ ಸಂವೇದನಾಂಕವೂ (ಹಿಗ್ಗಿದ ಪ್ರಮಾಣದ ಎಷ್ಟು ಪಟ್ಟು ರೋಧ ಬದಲಾಗುತ್ತದೆಂಬ ಅಂಕಿ) ಸುಮಾರು 2 ಮಾತ್ರ. 1953ರಲ್ಲಿ ಸಂಶೋಧಕ ವಿಟ್ನಿ ಕೈಕಾಲುಗಳ ಗಾತ್ರದ ಏರಿಳಿತ ಅಳೆಯಲು ಪಾದರಸ ತುಂಬಿದ ರಬ್ಬರ್ ನಳಿಕೆ ಬಳಸಿದರು. ಅಲ್ಲಿ ರಬ್ಬರ್ ಬರಿಯ ಕವಚವಾಗಿತ್ತು.

ಮಸಿ ಬೆರೆತ ರಬ್ಬರಿನ ಕಥೆ ಬೇರೆ. ಟೈರ್‌ಗಳಿಗೆ ಮಸಿ ಸೇರಿದ್ದು ಗಟ್ಟಿತನಕ್ಕಾಗಿ. ಬೇಗ ಹೊತ್ತಿಕೊಳ್ಳುವ ಅರಿವಳಿಕೆಯಾದ ಈಥರ್ ಬಳಸುತ್ತಿದ್ದ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ವಾಹಕ ರಬ್ಬರ್ ಬಂದದ್ದು ಸ್ಥಿರವಿದ್ಯುತ್ತಿನ ಕಿಡಿ ತಪ್ಪಿಸಲು. ಅಲ್ಲೆಲ್ಲ ರೋಧ ಬದಲಾಗುವುದು ಬೇಡದ ಗುಣ. ಅದೇ ಗುಣದಿಂದ ಸಂವೇದಕ ಹುಟ್ಟಿತೆಂಬುದು ನನಗೆ ಈ ಚರಿತ್ರೆಯ ಅತ್ಯಂತ ಸೊಗಸಾದ ಭಾಗ.

ಹೊಳೆ ದಾಟಲು ಹಾಕಿದ ಕಲ್ಲುಗಳಂತೆ ಮಸಿಯ ಕಣಗಳು ಸಾಲಾಗಿ ಹತ್ತಿರವಿದ್ದರೆ ಮಾತ್ರ ವಿದ್ಯುತ್ ದಾಟುತ್ತದೆ. ಮಸಿ ಒಂದು ಮಿತಿ ಮುಟ್ಟಿದಾಗ ರೋಧ ಏಕಾಏಕಿ ಅನೇಕ ಪಟ್ಟು ಕುಸಿಯುತ್ತದೆ. ಆ ಮಿತಿಯ ಅಂಚಿನಲ್ಲಿರುವ ಮಿಶ್ರಣವೇ ಅತಿ ಸೂಕ್ಷ್ಮ: ತುಸು ಹಿಗ್ಗಿದರೂ ಸಾಲುಗಳು ಕಡಿದುಹೋಗುತ್ತವೆ. ಮಸಿ ಹೆಚ್ಚಾದರೆ ಸಾಲುಗಳು ದಟ್ಟವಾಗಿ ಸೂಕ್ಷ್ಮತೆ ತಗ್ಗುತ್ತದೆ. 2016ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ, ಮೃದುವಾದ ಸಿಲಿಕೋನ್ ಮುದ್ದೆಗೆ ಗ್ರಾಫೀನ್ ಎಂಬ ಇಂಗಾಲದ ಅತಿ ತೆಳು ಹಾಳೆಗಳನ್ನು ಬೆರೆಸಿ 500ಕ್ಕೂ ಮೀರಿದ ಸಂವೇದನಾಂಕ ಪಡೆಯಿತು. ಪುಟ್ಟ ಜೇಡದ ಹೆಜ್ಜೆಯನ್ನೂ ಅದು ಗುರುತಿಸಿತು.

ಇಷ್ಟಾದರೂ ಗುಡ್ಡದ ವಿಷಯದಲ್ಲಿ ನನಗೆ ಭರವಸೆಯಿಲ್ಲ. ಎಳೆದು ಬಿಟ್ಟ ರಬ್ಬರಿನ ರೋಧ ಮೊದಲಿನ ಅಂಕಿಗೆ ಕರಾರುವಾಕ್ಕಾಗಿ ಮರಳುವುದಿಲ್ಲ. ಎಳೆದೇ ಇಟ್ಟರೂ ಒಳಗಿನ ಸಾಲುಗಳು ಮೆಲ್ಲಗೆ ಮರುಜೋಡಣೆಗೊಂಡು ಅಂಕಿ ಜಾರುತ್ತದೆ. ತಾಪಮಾನವೂ ಅದನ್ನು ಕದಲಿಸುತ್ತದೆ. ತಿಂಗಳುಗಟ್ಟಲೆ ಕೂದಲೆಳೆಯಷ್ಟೇ ಸರಿಯುವ ಮಣ್ಣನ್ನು ಅಳೆಯುವಾಗ, ಜಾರಿದ್ದು ಮಣ್ಣೋ ರಬ್ಬರೋ ಎಂದು ಹೇಗೆ ಹೇಳುವುದು? ಉಸಿರಾಟ, ಮೊಣಕಾಲಿನ ಮಡಿಕೆ, ಪಾದದ ಒತ್ತಡದಂಥ ಕ್ಷಣಿಕ, ಮರುಕಳಿಸುವ ಚಲನೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಇಳಿಜಾರಿಗೆ ಮಳೆಮಾಪಕ, ಮಣ್ಣಿನೊಳಗಿನ ನೀರಿನ ಒತ್ತಡ ಅಳೆಯುವ ಪೀಜೋಮೀಟರ್, ವಾಲುವಿಕೆ ತೋರಿಸುವ ಇನ್‌ಕ್ಲಿನೋಮೀಟರ್‌ಗಳೇ ಬೇಕು. ಬಿರುಕು ಅಗಲವಾದಾಗ ಗಂಟೆ ಬಾರಿಸಿದರೆ ಸಾಕೆಂದರೆ, ಹರಿದುಹೋಗುವ ಸಾಮಾನ್ಯ ತಂತಿಯೇ ಆ ಕೆಲಸ ಮಾಡುತ್ತದೆ.