ಕಡತ ಎಲ್ಲಿ ನಿಂತಿದೆ? ಕೆಲಸದ ನಕ್ಷೆ ನಡೆದು ಬಂದ ದಾರಿ

ಅರ್ಜಿಯೊಂದು ಇತ್ಯರ್ಥವಾಗಲು ಇಪ್ಪತ್ತು ದಿನ ಹಿಡಿದರೂ ಅದರ ಮೇಲೆ ನಿಜವಾಗಿ ನಡೆದ ಕೆಲಸ ಕೆಲವೊಮ್ಮೆ ಒಂದು ಗಂಟೆಯದೂ ಇರುವುದಿಲ್ಲ. ಉಳಿದದ್ದು ಮೇಜಿನ ಮೇಲೆ ಕಾದ ಹೊತ್ತು. ಯಾವ ಕೈಪಿಡಿಯಲ್ಲೂ ಕಾಣದ ಈ ಹೊತ್ತನ್ನು ಕಾಗದಕ್ಕೆ ಇಳಿಸುವ ವಿಧಾನವೇ ಕೆಲಸದ ನಕ್ಷೆ. ಅದಕ್ಕೆ ನೂರು ವರ್ಷ ದಾಟಿದೆ.

1921ರಲ್ಲಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೊಸೆಸ್ ಚಾರ್ಟ್’, ಅಂದರೆ ಕೆಲಸದ ಹಂತಗಳನ್ನು ಸಾಲಾಗಿ ತೋರಿಸುವ ನಕ್ಷೆ, ಮಂಡಿಸಿದರು. 1947ರಲ್ಲಿ ಆ ಸಂಘ ಐದು ಚಿಹ್ನೆಗಳನ್ನು ಗೊತ್ತುಮಾಡಿತು: ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ಕಾಯುವಿಕೆಗೆ ಇಂಗ್ಲಿಷಿನ ‘ಡಿ’, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ. ಕಾಯುವುದಕ್ಕೂ ಒಂದು ಗುರುತು ಸಿಕ್ಕಿದ್ದೇ ದೊಡ್ಡ ಸಂಗತಿ.

ಕಾರ್ಖಾನೆಯ ಈ ಪದ್ಧತಿ ಕಚೇರಿಗೂ ಬಂತು. ಆದರೆ ನಕ್ಷೆಯ ಬೆಲೆ ಎಲ್ಲರ ಕಣ್ಣಿಗೆ ಬಿದ್ದದ್ದು 1990ರಲ್ಲಿ ಆಡಳಿತ ನಿರ್ವಹಣಾ ತಜ್ಞ ಮೈಕೆಲ್ ಹ್ಯಾಮರ್ ಬರೆದ ಫೋರ್ಡ್ ಕಂಪನಿಯ ಉದಾಹರಣೆಯಿಂದ. ಸರಬರಾಜುದಾರರಿಗೆ ಹಣ ಪಾವತಿಸುವ ಅದರ ವಿಭಾಗದಲ್ಲಿ 500ಕ್ಕೂ ಹೆಚ್ಚು ಜನರಿದ್ದರು. ಜಪಾನಿನ ಕಾರು ಕಂಪನಿ ಮಜ್ದಾದಲ್ಲಿ ಅದೇ ಕೆಲಸಕ್ಕೆ ಐವರು. ಫೋರ್ಡಿನ ಗುಮಾಸ್ತರು ಖರೀದಿ ಆದೇಶ, ಮಾಲು ಬಂದ ದಾಖಲೆ, ಇನ್‌ವಾಯ್ಸ್ ಮೂರನ್ನೂ ಹರಡಿಕೊಂಡು 14 ವಿವರ ತಾಳೆ ನೋಡುತ್ತಿದ್ದರು. ತಾಳೆಯಾಗದ ಬಿಲ್ಲುಗಳ ಬೆನ್ನು ಹತ್ತುವುದರಲ್ಲೇ ಅವರ ಬಹುಪಾಲು ಸಮಯ ಹೋಗುತ್ತಿತ್ತು. ಕಡೆಗೆ ಫೋರ್ಡ್ ಇನ್‌ವಾಯ್ಸನ್ನೇ ಕೈಬಿಟ್ಟಿತು. ಮಾಲು ಇಳಿಯುವ ಜಾಗದಲ್ಲೇ ಕಂಪ್ಯೂಟರಿನಲ್ಲಿರುವ ಖರೀದಿ ಆದೇಶದೊಂದಿಗೆ ಹೋಲಿಕೆ. ತಾಳೆಗೆ ಮೂರೇ ವಿವರ: ಬಿಡಿಭಾಗದ ಸಂಖ್ಯೆ, ಅಳತೆಯ ಮಾನ, ಸರಬರಾಜುದಾರನ ಸಂಕೇತ. ಸಿಬ್ಬಂದಿ ಶೇ 75ರಷ್ಟು ಇಳಿಯಿತು. ತೊಂದರೆ ಹುಟ್ಟಿದ್ದು ಖರೀದಿ ಮತ್ತು ಗೋದಾಮಿನಲ್ಲಿ, ದುಡಿದು ಸುಸ್ತಾಗುತ್ತಿದ್ದದ್ದು ಲೆಕ್ಕಪತ್ರದವರು. ಒಂದೇ ವಿಭಾಗದ ನಕ್ಷೆ ಬರೆದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ವಿಭಾಗಕ್ಕೊಂದು ಪಟ್ಟೆ ಎಳೆದು ಬರೆಯುವ ‘ಸ್ವಿಮ್‌ಲೇನ್’ ನಕ್ಷೆ ಇಲ್ಲಿಯೇ ನೆರವಿಗೆ ಬರುವುದು. ಬಾಣ ಒಂದು ಪಟ್ಟೆಯಿಂದ ಇನ್ನೊಂದಕ್ಕೆ ದಾಟುವ ಕಡೆಯೇ ಹೆಚ್ಚಿನ ವಿಳಂಬ.

ನಕ್ಷೆ ಕೆಡುವುದು ಬಹುತೇಕ ಮೀಟಿಂಗ್ ಕೋಣೆಯಲ್ಲಿ. ಅಲ್ಲಿ ಮೇಲಧಿಕಾರಿ ಹೇಳುವುದು ಕೆಲಸ ಹೇಗೆ ನಡೆಯಬೇಕು ಎಂಬುದನ್ನು. ಹೇಗೆ ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಮುಗಿದ ಹತ್ತು ಕಡತ ತೆಗೆದು, ಪ್ರತಿ ಮೊಹರಿನ ದಿನಾಂಕ ಗುರುತಿಸಿ, ಕೆಲಸದ ಹೊತ್ತು ಮತ್ತು ಕಾದ ಹೊತ್ತನ್ನು ಬೇರೆ ಬೇರೆ ಬರೆಯಬೇಕು. ‘ದಾಖಲೆ ಸಾಲದು’ ಎಂದು ಹಿಂದಿರುಗಿದ ಕಡತಗಳನ್ನು ಬಿಟ್ಟರೆ ನಕ್ಷೆ ಸುಳ್ಳಾಗುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಷ್ಟೇ ಅಲ್ಲ, ಮ್ಯುಟೇಶನ್ (ಖಾತೆ ಬದಲಾವಣೆ) ಅರ್ಜಿಗಳಿಗೆ ಸರದಿಯನ್ನೂ ಕಟ್ಟಿತು. ಮೊದಲು ಬಂದ ಅರ್ಜಿಯನ್ನು ಬದಿಗಿಟ್ಟು ನಂತರದ್ದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ತಿದ್ದುವ ನೌಕರ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಆದರೆ ಗ್ರಾಮ ಲೆಕ್ಕಿಗರು (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ) ಸ್ಥಳಕ್ಕೆ ಹೋಗಿ ವಿಚಾರಿಸಿ ಬರುವ ಹೊತ್ತು ಕಂಪ್ಯೂಟರಿನ ಹೊರಗೇ ಉಳಿಯುತ್ತದೆ, ಅದನ್ನು ಈಗಲೂ ಕೈಯಾರೆ ಅಳೆಯಬೇಕು.